ಸೋಪು ನಿಷಿದ್ಧ, ಪಂಪು ಕಾನೂನುಬದ್ಧ

ನಾಗರಿಕತೆಯಿಂದ ದೂರ ಓಡಬೇಕೆಂದು ನಿರ್ಧರಿಸಿದ ಆಸ್ಟ್ರೇಲಿಯಾದ ಸದ್ಗೃಹಸ್ಥ ಮೊದಲು ಮಾಡುವ ಕೆಲಸವೆಂದರೆ ಅರ್ಧ ನಾಗರಿಕತೆಯನ್ನು ಕಾರಿನ ಹಿಂದೆ ಕಟ್ಟಿಕೊಳ್ಳುವುದು. ಒಂದು ಕಾರವಾನು, ಅದರೊಳಗೆ ಫ್ರಿಜ್ಜು, ಒಲೆ, ಹಾಸಿಗೆ, ಕಾಫಿ ಯಂತ್ರ, ನೆತ್ತಿಯ ಮೇಲೆ ಸೋಲಾರ್ ಫಲಕ, ಪಕ್ಕಕ್ಕೆ ಮಡಚಿಟ್ಟ ಚಪ್ಪರ, ಆಕಾಶದಿಂದ ಇಂಟರ್ನೆಟ್ ಇಳಿಸಿಕೊಳ್ಳಲು ಒಂದು ತಟ್ಟೆ, ಹಿಂಬದಿಯ ಗಾಜಿಗೆ ಈವರೆಗೆ ದಾಟಿದ ಮರುಭೂಮಿಗಳ ಸ್ಟಿಕರು. ಇಷ್ಟೆಲ್ಲ ಹೇರಿಕೊಂಡ ಮೇಲೆ ಆತ ಕಣ್ಣು ಅರೆಮುಚ್ಚಿ ಹೇಳುತ್ತಾನೆ: ಎಲ್ಲವನ್ನೂ ಬಿಟ್ಟು ಹೊರಟಿದ್ದೇನೆ. ಬಿಟ್ಟು ಹೊರಟಿದ್ದು ನೆರೆಮನೆಯವರನ್ನು ಮಾತ್ರ. ಅವರೂ ಬರುವ ವಾರ ಅದೇ ಕಡೆಗೆ ಹೊರಡುವವರಿದ್ದಾರೆ.

ಅದೇ ಕಡೆ ಎಂದರೆ ಔಟ್‌ಬ್ಯಾಕ್, ಖಂಡದ ಒಣಗಿದ ನಡುಭಾಗ. ಚಳಿಗಾಲದ ಜೂನ್, ಜುಲೈ ಬಂತೆಂದರೆ ನಿವೃತ್ತರ ದಂಡು ಉತ್ತರಕ್ಕೆ ಮುಖ ಮಾಡುತ್ತದೆ. ಅವರೊಂದಿಗೆ ಶಾಲಾ ರಜೆಯ ಸಂಸಾರಗಳು, ಕೆಲಸಕ್ಕೆ ರಜೆ ಹಾಕಿದ ಐಟಿ ಕನ್ನಡಿಗರು, ಕೆಲಸವನ್ನೇ ರಜೆಯಂತೆ ಮಾಡುವ ಯೂಟ್ಯೂಬಿಗರು. ಇವರೆಲ್ಲರ ಇಂದಿನ ಪುಣ್ಯಕ್ಷೇತ್ರಗಳಲ್ಲೊಂದು ಡಾಲ್ಹೌಸಿ ಸ್ಪ್ರಿಂಗ್ಸ್. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವಿಟ್ಜಿರಾ ರಾಷ್ಟ್ರೀಯ ಉದ್ಯಾನದಲ್ಲಿ, ಸಿಂಪ್ಸನ್ ಮರುಭೂಮಿಯ ಪಶ್ಚಿಮದ ಅಂಚಿಗೆ, ನೆಲ ಸೀಳಿಕೊಂಡು ತಾವಾಗಿಯೇ ಉಕ್ಕುವ ನೂರಕ್ಕೂ ಹೆಚ್ಚು ಬುಗ್ಗೆಗಳಿವೆ. ದೊಡ್ಡ ಹೊಂಡದ ನೀರಿನ ಬಿಸಿ 34ರಿಂದ 38 ಡಿಗ್ರಿ ಸೆಲ್ಸಿಯಸ್. ಮೈಗೆ ಹಿತ, ಮನಸ್ಸಿಗೆ ಮತ್ತು, ಫೋಟೋಗೆ ಹಬೆ. ಮನುಷ್ಯನಿಗೆ ಬೇರೇನು ಬೇಕು?

ಹೋಗುವ ದಾರಿಯೂ ತಪಸ್ಸೇ. ಅಡಿಲೇಡ್‌ನಿಂದ ಉತ್ತರಕ್ಕೆ ಸಾವಿರ ಕಿಲೋಮೀಟರ್ ಮೀರಿದ ಪ್ರಯಾಣ. ಮಾರೀ ಎಂಬ ಪುಟ್ಟ ಊರಿನ ಹತ್ತಿರ ಡಾಂಬರು ಕೈಬಿಡುತ್ತದೆ. ಅಲ್ಲಿಂದ ಊಡ್ನಾಡಾಟಾ ಟ್ರ್ಯಾಕ್ ಎಂಬ ಕೆಂಪು ಮಣ್ಣಿನ ಹಾದಿ. ಊಡ್ನಾಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಬಿಸಿಲು ದಾಖಲಾಗಿತ್ತು. ಆ ಊರು ದಾಟಿ, ಕಲ್ಲು ಹಾಸಿದ ಬಯಲುಗಳ ನಡುವೆ ಇನ್ನೂ ನೂರೆಂಬತ್ತು ಕಿಲೋಮೀಟರಿನಷ್ಟು ಕುಲುಕಾಟ. ರಸ್ತೆಯ ಮೈಮೇಲೆ ಅಡ್ಡಡ್ಡ ಎದ್ದ ಏಣುಗಳು ಗಾಡಿಯ ಒಂದೊಂದು ಸ್ಕ್ರೂವನ್ನೂ ಮಾತಾಡಿಸಿ ಬಿಡುತ್ತವೆ. ಈ ಹಾದಿಯಲ್ಲಿ ದೇವರ ಇರವಿನ ಬಗ್ಗೆ ಯಾರೂ ಚರ್ಚಿಸುವುದಿಲ್ಲ. ಚರ್ಚೆಯೆಲ್ಲ ಟೈರಿನ ಗಾಳಿಯ ಬಗ್ಗೆ. ಹದಿನೆಂಟು ಪಿಎಸ್‌ಐ ಸಾಕೆನ್ನುವವರದು ಒಂದು ಮಠ, ಇಪ್ಪತ್ತೈದು ಬೇಕೆನ್ನುವವರದು ಇನ್ನೊಂದು. ಎರಡೂ ಮಠದವರ ಟೈರು ಒಂದೇ ಕಲ್ಲಿಗೆ ಸಿಡಿಯುತ್ತದೆ, ವಾದ ಮಾತ್ರ ಮುಗಿಯುವುದಿಲ್ಲ.

ದಾರಿಯಲ್ಲಿ ಕವರ್ಡ್ ಸ್ಪ್ರಿಂಗ್ಸ್ ಎಂಬ ತಂಗುದಾಣ. ಹಳೆಯ ರೈಲ್ವೆ ಸ್ಲೀಪರ್‌ಗಳನ್ನು ಜೋಡಿಸಿ ಮಾಡಿದ ತೊಟ್ಟಿಯೊಳಗೆ ಬೆಚ್ಚನೆಯ ನೀರು ಗುಳುಗುಳು ಎನ್ನುತ್ತಿರುತ್ತದೆ. ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿದವರು ಪ್ರಕೃತಿಮಾತೆಯನ್ನು ಕೊಂಡಾಡುತ್ತಾರೆ. ಪ್ರಕೃತಿಮಾತೆಯ ಪಾಲು ಇಲ್ಲಿ ಸ್ವಲ್ಪ ಕಡಿಮೆ. ಅದು 1886ರಲ್ಲಿ ರೈಲಿನ ಕಾಲದಲ್ಲಿ ಕೊರೆದ ಕೊಳವೆಬಾವಿ. ಊಟಿ, ಕೊಡಗಿನ ರೆಸಾರ್ಟುಗಳಲ್ಲಿ ಪೈಪು ತಿರುಗಿಸಿ ಜಲಪಾತ ಬೀಳಿಸುವುದನ್ನು ನೋಡಿದ ನಮ್ಮವರು ಇಂಥ ಸಣ್ಣಪುಟ್ಟ ತಿದ್ದುಪಡಿಗಳಿಗೆ ಅಲುಗುವುದಿಲ್ಲ. ನೀರು ಬೆಚ್ಚಗಿದ್ದರೆ ನಿಸರ್ಗ. ತಣ್ಣಗಿದ್ದರೆ ನಿರ್ವಹಣೆಯ ಲೋಪ.

ಅಲ್ಲಿಗೆ ಸಮೀಪದಲ್ಲೇ ನಿಜವಾದ ಬುಗ್ಗೆಗಳಿವೆ. ಒಂದರ ಹೆಸರು ಬಬ್ಲರ್, ಇನ್ನೊಂದು ಬ್ಲಾಂಚ್ ಕಪ್. ಬ್ಲಾಂಚ್ ಯಾರು? ಗವರ್ನರ್ ಮ್ಯಾಕ್‌ಡೊನಲ್ ಸಾಹೇಬರ ಪತ್ನಿ. ಇನ್ನೂ ಉತ್ತರಕ್ಕೆ ಹೋದರೆ ಆಲಿಸ್ ಸ್ಪ್ರಿಂಗ್ಸ್. ಆಲಿಸ್ ಯಾರು? ಟೆಲಿಗ್ರಾಫ್ ತಂತಿ ಎಳೆಸಿದ ಚಾರ್ಲ್ಸ್ ಟಾಡ್ ಸಾಹೇಬರ ಪತ್ನಿ. ಅಲ್ಲಿ ಇದ್ದದ್ದು ಬುಗ್ಗೆ ಕೂಡ ಅಲ್ಲ, ಒಣ ನದಿಯ ಪಾತ್ರದಲ್ಲಿ ನಿಂತ ಮಡು. ಆದರೂ ಹೆಸರು ನೋಂದಣಿಯಾಯಿತು. ಡಾಲ್ಹೌಸಿ? ಆ ಹೆಸರಿಟ್ಟದ್ದೂ ಗವರ್ನರ್ ಫರ್ಗುಸನ್ ಸಾಹೇಬರ ಪತ್ನಿಯ ಗೌರವಕ್ಕೇ. ಆಸ್ತಿಯನ್ನು ಹೆಂಡತಿಯ ಹೆಸರಿಗೆ ಮಾಡಿಸುವ ವಿದ್ಯೆ ನಮ್ಮ ವಿಧಾನಸೌಧದಲ್ಲಿ ಹುಟ್ಟಿತೆಂದು ನಾವು ಸುಮ್ಮನೆ ಬೀಗುತ್ತಿದ್ದೇವೆ. ನೂರೈವತ್ತು ವರ್ಷಗಳ ಹಿಂದೆಯೇ ವಿಕ್ಟೋರಿಯಾ ರಾಣಿಯ ಅಧಿಕಾರಿಗಳು ಒಂದು ಮರುಭೂಮಿಯ ಅಷ್ಟೂ ನೀರನ್ನು ಮೇಡಂಗಳ ಹೆಸರಿಗೆ ಬರೆದು ಮುಗಿಸಿದ್ದರು, ಅದೂ ಮುದ್ರಾಂಕ ಶುಲ್ಕವಿಲ್ಲದೆ.

ಮರುಭೂಮಿಯ ಹೆಸರಿನ ಕತೆ ಇನ್ನೂ ಚೆನ್ನ. 1929ರಲ್ಲಿ ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿ ವಿಮಾನದಲ್ಲಿ ಅದರ ಮೇಲೆ ಹಾರಾಡಿ ಸಮೀಕ್ಷೆ ಮಾಡಿದರು. ಆಮೇಲೆ ಅದಕ್ಕೆ ಆಲ್ಫ್ರೆಡ್ ಆಲನ್ ಸಿಂಪ್ಸನ್ ಹೆಸರಿಟ್ಟರು. ಸಿಂಪ್ಸನ್ ಅಡಿಲೇಡ್‌ನ ಉದ್ಯಮಿ, ಭೌಗೋಳಿಕ ಸಂಘದ ಅಲ್ಲಿನ ಶಾಖೆಗೆ ಅಧ್ಯಕ್ಷ. ಆ ಮನೆತನದ ಹೆಸರು ಮುಂದೆ ಬಟ್ಟೆ ಒಗೆಯುವ ಯಂತ್ರಗಳ ಮೇಲೂ ಅಚ್ಚಾಯಿತು. ಸಾವಿರಕ್ಕೂ ಹೆಚ್ಚು ಮರಳು ದಿಬ್ಬಗಳಿರುವ, ಒಂದು ಬಕೆಟ್ ನೀರಿಗೂ ತತ್ವಾರವಿರುವ ಭೂಮಿ ವಾಷಿಂಗ್ ಮೆಷಿನ್ ಮನೆತನದ ಹೆಸರಲ್ಲಿದೆ. ಇದನ್ನು ಯಾವ ವ್ಯಂಗ್ಯಕಾರನೂ ಕಲ್ಪಿಸಿ ಬರೆಯಲಾರ. ಬರೆದರೆ ಸಂಪಾದಕರು ಅತಿಯಾಯಿತೆಂದು ಕೆಂಪು ಗೀಟು ಎಳೆಯುತ್ತಾರೆ.

ಫರ್ಗುಸನ್ ಮೇಡಂ ವಿಷಯಕ್ಕೆ ಬರೋಣ, ಏಕೆಂದರೆ ಅಲ್ಲಿ ನಮ್ಮದೂ ಒಂದು ಸಂಬಂಧ ತಳಕು ಹಾಕಿಕೊಂಡಿದೆ. ಆಕೆಯ ತವರಿನ ಹೆಸರು ಎಡಿತ್ ರಾಮ್ಸೆ. ತಂದೆ ಲಾರ್ಡ್ ಡಾಲ್ಹೌಸಿ, 1848ರಿಂದ 1856ರವರೆಗೆ ಭಾರತದ ಗವರ್ನರ್ ಜನರಲ್. ಹೈಸ್ಕೂಲು ಪರೀಕ್ಷೆ ಬರೆದ ಯಾವ ಕನ್ನಡಿಗನೂ ಈ ಮಹಾಶಯನನ್ನು ಮರೆಯುವಂತಿಲ್ಲ: ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ, ಐದು ಅಂಕದ ಪ್ರಶ್ನೆ. ಸಾತಾರಾ, ಝಾನ್ಸಿ, ನಾಗಪುರ ಎಲ್ಲ ಆ ಐದು ಅಂಕದೊಳಗೆ ಕರಗಿದವು. ಅದೇ ಮದ್ದನ್ನು ಕಂಪನಿ 1824ರಲ್ಲೇ ಕಿತ್ತೂರಿನ ಮೇಲೆ ಪ್ರಯೋಗಿಸಿ, ಚೆನ್ನಮ್ಮನಿಂದ ಸರಿಯಾದ ರಸೀದಿ ಪಡೆದಿತ್ತು. ಇನ್ನು ಅಳಿಯ ಫರ್ಗುಸನ್: ದಕ್ಷಿಣ ಆಸ್ಟ್ರೇಲಿಯಾದ ಗವರ್ನರಿಕೆ ಮುಗಿಸಿ, 1880ರಿಂದ 1885ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆದವನು. ಧಾರವಾಡ, ಬೆಳಗಾವಿ, ವಿಜಯಪುರಗಳೆಲ್ಲ ಆಗ ಅವನ ಕಡತದಲ್ಲಿದ್ದವು. ಬೇಂದ್ರೆಯವರು ಪದವಿ ಓದಿದ ಪುಣೆಯ ಫರ್ಗುಸನ್ ಕಾಲೇಜಿನ ಹೆಸರು ಇವನದೇ. ಅಂದರೆ ಮರುಭೂಮಿಯ ಬಿಸಿನೀರಿಗಿಳಿದ ಧಾರವಾಡದ ಸಾಫ್ಟ್‌ವೇರ್ ಹುಡುಗ ಮಾವನ ಹೆಸರಿನ ಹೊಂಡದಲ್ಲಿ ಈಜುತ್ತ, ಅಳಿಯ ಆಳಿದ ಜಿಲ್ಲೆಯನ್ನು ನೆನೆಸಿಕೊಳ್ಳುತ್ತಿರುತ್ತಾನೆ. ಪಾಪ, ಅವನಿಗೆ ಗೊತ್ತಿರುವುದಿಲ್ಲ. ಡಾಲ್ಹೌಸಿ ಎಂದೊಡನೆ ಅವನಿಗೆ ಹೊಳೆಯುವುದು ಹಿಮಾಚಲದ ಹನಿಮೂನ್ ಪ್ಯಾಕೇಜು.

ಹೆಸರಿಟ್ಟದ್ದು 1870ರ ಡಿಸೆಂಬರಿನಲ್ಲಿ, ಟೆಲಿಗ್ರಾಫ್ ತಂತಿಯ ಹಾದಿ ಅಳೆಯುತ್ತ ಬಂದ ನಕಿ ಎಂಬ ಸರ್ವೇಯರು. ಇತಿಹಾಸದ ಪುಸ್ತಕಗಳು ಹೇಳುವಂತೆ ಬುಗ್ಗೆಗಳ ‘ಪತ್ತೆ’ ಆದದ್ದು ಆಗ. ಅಲ್ಲಿಯತನಕ ಸಾವಿರಾರು ವರ್ಷಗಳಿಂದ ಅದೇ ನೀರಿನ ಬದಿಯಲ್ಲಿ ಬದುಕಿ, ಹಾಡಿ, ಸತ್ತವರನ್ನು ಕಳಿಸಿಕೊಟ್ಟ ಕೆಳ ದಕ್ಷಿಣ ಅರ್ರೆರ್ನ್ಟ ಮತ್ತು ವಾಂಗ್ಕಂಗುರು ಜನರಿಗೆ ತಮ್ಮ ನೀರು ಕಾಣೆಯಾಗಿದೆ ಎಂಬುದೇ ತಿಳಿದಿರಲಿಲ್ಲ. ಅವರು ಅದನ್ನು ಇರ್ವಾನ್ಯೆರೆ ಎಂದು ಕರೆಯುತ್ತಿದ್ದರು. ವಾಂಗ್ಕಂಗುರು ಜನರಂತೂ ದಿಬ್ಬಗಳ ನಡುವೆ ಮಿಕಿರಿ ಎಂಬ ಆಳವಾದ ಕೈಬಾವಿಗಳನ್ನು ತೋಡಿ ಆ ಮರುಭೂಮಿಯ ಒಳಗೇ ಸಂಸಾರ ಹೂಡಿದ್ದವರು. ವಾಷಿಂಗ್ ಮೆಷಿನ್ನಿನ ಗೊಡವೆ ಅವರಿಗೆ ಇರಲಿಲ್ಲ.

ಇಲ್ಲಿ ಮಾವನ ಭಾರತಕ್ಕೂ ಅಳಿಯನ ಆಸ್ಟ್ರೇಲಿಯಾಕ್ಕೂ ಒಂದು ವ್ಯತ್ಯಾಸ ಗಮನಿಸಬೇಕು. ಭಾರತದಲ್ಲಿ ಆ ದತ್ತು ನೀತಿಯಡಿ ರಾಜ್ಯ ನುಂಗಬೇಕಾದರೆ ಕನಿಷ್ಠ ಒಬ್ಬ ರಾಜ ಸಾಯಬೇಕಿತ್ತು, ಅವನಿಗೆ ಮಕ್ಕಳಿರಬಾರದಿತ್ತು, ದತ್ತುಪತ್ರ ತಿರಸ್ಕರಿಸಬೇಕಿತ್ತು, ಒಂದಿಷ್ಟು ಕಾಗದ ಓಡಾಡಬೇಕಿತ್ತು. ವಾರಸುದಾರ ಸರಿಯಿಲ್ಲ ಎಂದು ವಾದಿಸುವುದಕ್ಕಾದರೂ ವಾರಸುದಾರನೊಬ್ಬ ಎದುರಿಗಿದ್ದಾನೆಂದು ಒಪ್ಪಬೇಕು. ಆಸ್ಟ್ರೇಲಿಯಾದಲ್ಲಿ ಈ ತಲೆನೋವೂ ಬೇಡವಾಯಿತು. ನೆಲ ಯಾರದೂ ಅಲ್ಲ ಎಂದುಬಿಟ್ಟರೆ ಮುಗಿಯಿತು. ಎದುರಿಗೆ ನಿಂತವರು ಲೆಕ್ಕಕ್ಕೇ ಇಲ್ಲ. ಆ ನಂಬಿಕೆಯನ್ನು ದೇಶದ ಉಚ್ಚ ನ್ಯಾಯಾಲಯ ಮಾಬೊ ಪ್ರಕರಣದಲ್ಲಿ ಅಳಿಸಿಹಾಕಿದ್ದು 1992ರಲ್ಲಿ. ಕಾನೂನಿನ ಪುಸ್ತಕದಿಂದ ಅಳಿಸಿತು, ಸರಿ. ಕಾರವಾನಿನ ಕಿಟಕಿಯಿಂದ ಇನ್ನೂ ಅಳಿಸಿಲ್ಲ. ಇವತ್ತಿಗೂ ಹೊಂಡದ ದಡಕ್ಕೆ ಬಂದಿಳಿದವನ ಮೊದಲ ಉದ್ಗಾರ: ಅಬ್ಬಾ, ಯಾರೂ ಇಲ್ಲದ ಜಾಗ! ಈ ಮಾತು ಹೇಳುವಾಗ ಅವನ ಹಿಂದೆ ನಲವತ್ತು ಡೇರೆಗಳು, ಮುಂದೆ ಶೌಚಾಲಯದ ಸಾಲು.

ಹೊಂಡದೊಳಗಿನ ಸಂಸತ್ತನ್ನು ನೋಡಬೇಕು. ಬೆಳಗಿನ ಚಳಿಗೆ ನೀರಿನ ಮೇಲೆ ಹಬೆ ಏಳುತ್ತಿರುತ್ತದೆ. ಹಬೆಯ ನಡುವೆ ಬಣ್ಣಬಣ್ಣದ ರಬ್ಬರಿನ ಟ್ಯೂಬುಗಳು, ಟ್ಯೂಬುಗಳ ಮೇಲೆ ಹ್ಯಾಟುಗಳು, ಹ್ಯಾಟುಗಳ ಕೆಳಗೆ ಅಭಿಪ್ರಾಯಗಳು. ಡೀಸೆಲ್ ಎಲ್ಲಿ ತುಟ್ಟಿ, ಯಾವ ಕಂಪನಿಯ ಗಾಡಿ ಮರಳಲ್ಲಿ ಹೂತಿತು, ಈಗಿನ ಹುಡುಗರಿಗೆ ಕಷ್ಟ ಗೊತ್ತಿಲ್ಲ. ಕಷ್ಟದ ಬಗ್ಗೆ ಬೆಚ್ಚನೆಯ ನೀರಿನಲ್ಲಿ ತೇಲುತ್ತ ಮಾತನಾಡುವುದಕ್ಕೆ ವಿಶೇಷ ಅಧಿಕಾರ ಬೇಕು; ಅದು ಪಿಂಚಣಿಯ ಜೊತೆಗೆ ಬರುತ್ತದೆ. ಮೆಲ್ಬರ್ನಿನಿಂದ ಬಂದ ನಮ್ಮ ಕನ್ನಡ ಕುಟುಂಬ ಇಲ್ಲೂ ತನ್ನ ಛಾಪು ಒತ್ತುತ್ತದೆ. ಅಜ್ಜಿ ನೀರಿಗೆ ಕೈಮುಗಿದು, ಮೂರು ಸಲ ಮುಳುಗಿ, ಗುಡಿ ಯಾವ ದಿಕ್ಕಿಗೆ ಎಂದು ಕೇಳುತ್ತಾಳೆ. ಗುಡಿ ಇಲ್ಲವೆಂದಾಗ ಇಂಥ ನೀರಿಟ್ಟುಕೊಂಡು ಗುಡಿ ಕಟ್ಟದ ಜನರ ಬಗ್ಗೆ ಆಕೆಗೆ ನಿಜಕ್ಕೂ ಕನಿಕರ. ಮಗ ಎಲ್ಲಿದ್ದೇವೆಂದು ಊರಿಗೆ ವಿಡಿಯೋ ಕರೆ ಮಾಡಲು ನೆಟ್‌ವರ್ಕ್ ಹುಡುಕುತ್ತಾನೆ. ಸೊಸೆ ಪುಳಿಯೋಗರೆ ಬಡಿಸುತ್ತಾಳೆ. ಆ ಮೂವರಲ್ಲಿ ಈ ನೀರಿಗೆ ಯಾರೋ ಯಜಮಾನರಿದ್ದಾರೆ, ಇಳಿಯುವ ಮುನ್ನ ಕೇಳಬೇಕು ಎಂಬ ಅರಿವು ಇದ್ದದ್ದು ಅಜ್ಜಿಗೆ ಮಾತ್ರ. ವಿಳಾಸ ತಪ್ಪಿದ್ದರೂ ಮರ್ಯಾದೆ ಸರಿಯಾಗಿತ್ತು.

ನೀರಿನೊಳಗೆ ಮೀನುಗಳೂ ಇವೆ. ಡಾಲ್ಹೌಸಿಯ ಹಾರ್ಡಿಹೆಡ್, ಗೋಬಿ, ಕ್ಯಾಟ್‌ಫಿಶ್ ಮುಂತಾದ ಕೆಲವು ಜಾತಿಗಳು ಜಗತ್ತಿನಲ್ಲಿ ಈ ಬುಗ್ಗೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಸುತ್ತಲಿನ ನಾಡು ಒಣಗಿದಾಗ ಈ ಹೊಂಡಗಳಲ್ಲಿ ಸಿಕ್ಕಿಕೊಂಡು, ಬಿಸಿಗೆ ಒಗ್ಗಿಕೊಂಡು ಬದುಕಿದವು. ಅವು ಬಂದು ಕಾಲಿನ ಸತ್ತ ಚರ್ಮವನ್ನು ಮೆಲ್ಲಗೆ ಕಚ್ಚುತ್ತವೆ. ಬೆಂಗಳೂರಿನ ಮಾಲಿನಲ್ಲಿ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಮೀನಿನ ಸೇವೆ ಇಲ್ಲಿ ಪುಕ್ಕಟೆ ಎಂದು ನಮ್ಮವರಿಗೆ ಪುಳಕ. ಒಂದು ಮರುಭೂಮಿಯ ಇಡೀ ಜಲಚರ ಇತಿಹಾಸ ತನ್ನ ಹಿಮ್ಮಡಿ ಉಜ್ಜಲೆಂದೇ ಲಕ್ಷಾಂತರ ವರ್ಷ ಕಾದಿತ್ತು ಎಂದು ನಂಬುವ ಪ್ರಾಣಿ ಭೂಮಿಯ ಮೇಲೆ ಒಂದೇ.

ಇನ್ನು ನೀರಿನ ಮೂಲ. ಬಿಸಿ ಕಂಡಕೂಡಲೇ ಪ್ರವಾಸಿ ಜ್ವಾಲಾಮುಖಿ ಎನ್ನುತ್ತಾನೆ. ಜ್ವಾಲಾಮುಖಿಯ ಸುಳಿವೂ ಇಲ್ಲಿಲ್ಲ. ಕಾಲಡಿಯಲ್ಲಿರುವುದು ಗ್ರೇಟ್ ಆರ್ಟೀಷಿಯನ್ ಬೇಸಿನ್: 17 ಲಕ್ಷ ಚದರ ಕಿಲೋಮೀಟರ್, ಖಂಡದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಸುಮಾರು ಒಂಬತ್ತು ಕರ್ನಾಟಕಗಳಷ್ಟು ಹರಡಿದ ನೆಲದಡಿಯ ಜಲನಿಧಿ. ಹೆಚ್ಚಿನ ನೀರು ಪೂರ್ವದ ಬೆಟ್ಟಸಾಲಿನ ಬಳಿ ಮಳೆಯಾಗಿ ಬಿದ್ದು ಮರಳುಗಲ್ಲಿನೊಳಗೆ ಇಂಗಿ, ಮೇಲೆ ಒತ್ತಿ ಕೂತ ಜೇಡಿಪದರದ ಅಡಿಯಲ್ಲಿ ವರ್ಷಕ್ಕೆ ಕೆಲವೇ ಮೀಟರಿನಂತೆ ತೆವಳುತ್ತದೆ. ಕೆಲವೆಡೆ ಮೂರು ಕಿಲೋಮೀಟರ್ ಆಳಕ್ಕೂ ಇಳಿಯುತ್ತದೆ. ಭೂಮಿಯ ಒಳಕ್ಕೆ ಹೋದಷ್ಟೂ ಬಿಸಿ, ಆದ್ದರಿಂದ ನೀರೂ ಬಿಸಿ. ಎಲ್ಲೋ ಒಂದು ಸ್ತರಭಂಗ ಸಿಕ್ಕಾಗ ಒತ್ತಡದಿಂದ ಮೇಲೆ ಉಕ್ಕುತ್ತದೆ. ಅಡಿಗೆಮನೆಯ ಕುಕ್ಕರಿನಲ್ಲಿ ವಿಷಲ್ ಹಾಕಿಸುವುದು ಒಳಗಿನ ನೀರಿನ ಪ್ರಮಾಣವಲ್ಲ, ಅದರ ಮೇಲಿನ ಒತ್ತಡ, ಇಲ್ಲೂ ಅಷ್ಟೇ.

ಈ ಒಂದು ಸಂಗತಿಯನ್ನು ಪ್ರವಾಸಿ, ದನಗಾರ, ಮಂತ್ರಿ ಮೂವರೂ ಸೇರಿ ಮರೆಯುತ್ತಾರೆ. ನಿಧಿಯಲ್ಲಿ 65,000 ಘನ ಕಿಲೋಮೀಟರಿನಷ್ಟು ನೀರಿದೆಯಂತೆ, ನಾವು ಒಂದಿಷ್ಟು ಹೀರಿದರೆ ಏನು ಬತ್ತೀತು ಎಂಬ ಪ್ರಶ್ನೆ ಆ ಕಡೆ ಬಹಳ ಜನಪ್ರಿಯ. ನೀರು ಬತ್ತುವುದಿಲ್ಲ, ನಿಜ. ಬುಗ್ಗೆ ಬತ್ತುತ್ತದೆ. ಒಂದು ಕಡೆ ಕೊಳವೆ ಇಳಿಸಿ ಒತ್ತಡ ಇಳಿಸಿದರೆ, ಕೆಳಗೆ ಸಮುದ್ರವಿದ್ದರೂ ಮೇಲೆ ಹನಿ ಬರುವುದಿಲ್ಲ. ಬ್ಯಾಂಕಿನಲ್ಲಿ ಕೋಟಿ ಇದ್ದೂ ಕಾರ್ಡು ಕೆಲಸ ಮಾಡದ ಪರಿಸ್ಥಿತಿ ಮೀನಿಗೂ ಬರುತ್ತದೆ, ಆದರೆ ಅದಕ್ಕೆ ಗ್ರಾಹಕ ಸೇವಾ ಕೇಂದ್ರವಿಲ್ಲ.

ಆದ್ದರಿಂದ ಬುಗ್ಗೆಯನ್ನು ಕಾಪಾಡಲೇಬೇಕು. ಕಾಪಾಡುತ್ತಲೂ ಇದ್ದಾರೆ. ದಡದಲ್ಲಿ ಫಲಕಗಳಿವೆ. ಸೋಪು ಬೇಡ. ಶಾಂಪೂ ಬೇಡ. ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಬೇಡಿ. ಉದ್ಯಾನದ ಪಾಸ್ ತೆಗೆದುಕೊಳ್ಳಿ. ಪ್ರತಿ ಮಾತೂ ನ್ಯಾಯ. ಮೀನಿನ ಬಾಯಿಗೆ ನಮ್ಮ ಸುಗಂಧ ಬೀಳಬಾರದು ನೋಡಿ. ಇಂದು ಆ ಉದ್ಯಾನದ ಆಡಳಿತದಲ್ಲಿ ಮೂಲನಿವಾಸಿಗಳೂ ಪಾಲುದಾರರಾದ್ದರಿಂದ, ಮನೆಯವರೇ ಹೇಳಿದ ಮಾತಿಗೆ ಅತಿಥಿ ತಲೆಬಾಗಬೇಕು. ಇನ್ನೊಂದು ಕ್ರಮವನ್ನೂ ಕೈಗೊಂಡರು: ಹಿಂದೆ ವಲಸಿಗರು ನೆಟ್ಟ ಖರ್ಜೂರದ ಮರಗಳು ಬುಗ್ಗೆಗಳ ಸುತ್ತ ಹಬ್ಬಿ ನೀರು ಹೀರುತ್ತಿದ್ದವು, ನೆರಳು ಕವಿಸಿ ಸ್ಥಳೀಯ ಸಸ್ಯಗಳನ್ನು ಸಾಯಿಸುತ್ತಿದ್ದವು. 1990ರ ದಶಕದಿಂದ ಅವನ್ನು ಕಡಿದು ಹಾಕಲಾಯಿತು. ಹೊರಗಿನಿಂದ ಬಂದು, ಅನುಮತಿಯಿಲ್ಲದೆ ಬೇರೂರಿ, ಬಿಟ್ಟಿಯಾಗಿ ನೀರು ಕುಡಿದದ್ದು ಮರದ ಅಪರಾಧ. ಮರಕ್ಕೆ ವಕೀಲರಿರಲಿಲ್ಲ.

ವಕೀಲರಿದ್ದವರ ಕತೆ ಬೇರೆ. ನಿಧಿಗೆ ಮೊದಲ ಕೊಳವೆ ಚುಚ್ಚಿದ್ದು 1878ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಬರ್ಕ್ ಹತ್ತಿರದ ಕಲ್ಲಾರಾ ಎಂಬ ಕುರಿ ಸಾಕಣೆ ಕೇಂದ್ರದಲ್ಲಿ. ಪಂಪೇ ಬೇಕಿರಲಿಲ್ಲ, ನೀರು ತಾನಾಗಿ ಚಿಮ್ಮಿತು. ಆಮೇಲೆ ಒಂದು ಜ್ವರ. 1915ರ ಸುಮಾರಿಗೆ ದಿನಕ್ಕೆ 200 ಕೋಟಿ ಲೀಟರ್ ಹೊರಗೆ ಸುರಿಯುತ್ತಿತ್ತು. ಕೊಳವೆಯ ಬಾಯಿಗೆ ಮುಚ್ಚಳವಿಲ್ಲ. ನೀರನ್ನು ತೆರೆದ ಕಾಲುವೆಯಲ್ಲಿ ಮೈಲಿಗಟ್ಟಲೆ ಹರಿಯಬಿಟ್ಟು, ಕುರಿ ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ಕುಡಿಯಲಿ ಎಂಬ ಉದಾರತೆ. ಕುರಿ ಕುಡಿದದ್ದು ಅತ್ಯಲ್ಪ, ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಇಂಗಿ, ಆವಿಯಾಗಿ ಹೋಯಿತು. ಎಷ್ಟೋ ಬುಗ್ಗೆಗಳು ಸದ್ದಿಲ್ಲದೆ ಕಣ್ಣು ಮುಚ್ಚಿದವು. ಕೊಳವೆಗಳಿಗೆ ಮುಚ್ಚಳ ಹಾಕುವ, ಕಾಲುವೆಯ ಬದಲು ಪೈಪು ಎಳೆಯುವ ದೊಡ್ಡ ಸರ್ಕಾರಿ ಯೋಜನೆ ಶುರುವಾದದ್ದು 1999ರಲ್ಲಿ, ಸಾರ್ವಜನಿಕರ ದುಡ್ಡನ್ನೂ ಹಾಕಿ. ನೂರಿಪ್ಪತ್ತು ವರ್ಷ ನಲ್ಲಿ ತೆರೆದಿಟ್ಟವನಿಗೆ ನಲ್ಲಿ ನಿಲ್ಲಿಸಲು ಪ್ರೋತ್ಸಾಹಧನ! ಬಾತ್‌ರೂಮಿನಲ್ಲಿ ಹಲ್ಲುಜ್ಜುವಾಗ ನಲ್ಲಿ ಬಿಟ್ಟದ್ದಕ್ಕೆ ಅಪ್ಪನಿಂದ ಏಟು ತಿಂದ ನಮ್ಮ ಪೀಳಿಗೆ ತಪ್ಪು ದೇಶದಲ್ಲಿ ಹುಟ್ಟಿತು.

ಎಲ್ಲಕ್ಕಿಂತ ಶಿಸ್ತಿನ ಕುಡುಕನೆಂದರೆ ಒಲಿಂಪಿಕ್ ಡ್ಯಾಮ್. ಹೆಸರು ಕೇಳಿ ಅಣೆಕಟ್ಟೆಂದುಕೊಳ್ಳಬೇಡಿ. ಅದು ತಾಮ್ರ, ಯುರೇನಿಯಂ, ಚಿನ್ನ, ಬೆಳ್ಳಿಯ ಭಾರೀ ಗಣಿ. ಅದಕ್ಕಾಗಿ ದಕ್ಷಿಣ ಆಸ್ಟ್ರೇಲಿಯಾದ ಸಂಸತ್ತು 1982ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ರಾಜ್ಯದ ಬೇರೆ ಕಾಯ್ದೆಗಳಿಗೂ ಅದಕ್ಕೂ ಜಗಳ ಬಂದರೆ ಗೆಲ್ಲುವುದು ಅದು. ಐರ್ ಸರೋವರದ ದಕ್ಷಿಣಕ್ಕೆ ಇಳಿಬಿಟ್ಟ ಕೊಳವೆಗಳಿಂದ ಗಣಿ ದಿನಕ್ಕೆ ಮೂರು ಕೋಟಿ ಲೀಟರಿಗೂ ಹೆಚ್ಚು ನೀರನ್ನು ಇದೇ ನಿಧಿಯಿಂದ ಎತ್ತುತ್ತದೆ. ನೀರಿನ ಬೆಲೆ? ಸೊನ್ನೆ. ಡಾಲ್ಹೌಸಿಯ ಹೊಂಡವನ್ನೇ ಗಣಿ ಕುಡಿಯುತ್ತಿದೆಯೆಂದು ಯಾರೂ ಹೇಳುತ್ತಿಲ್ಲ, ಅದು ನೂರಾರು ಕಿಲೋಮೀಟರ್ ದೂರ. ಆದರೆ ಗಣಿಯ ಮೊದಲ ಕೊಳವೆಗಳ ಸುತ್ತ, ಅರಬಾನಾ ಜನರ ನಾಡಿನಲ್ಲಿ, ಕೆಲವು ಬುಗ್ಗೆಗಳ ಹರಿವು ಕುಗ್ಗಿತು. ಒಂದೆರಡು ನಿಂತೇ ಹೋದವು. ಪ್ರವಾಸಿಗಳು ಬ್ಲಾಂಚ್ ಕಪ್ಪಿನ ಫೋಟೋ ತೆಗೆದು ಧೂಳೆಬ್ಬಿಸುತ್ತ ಉತ್ತರಕ್ಕೆ ಹೋಗುವುದು ಆ ಸೀಮೆಯ ನಡುವೆಯೇ. ನಿಂತ ಬುಗ್ಗೆಯ ಮುಂದೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಅಲ್ಲಿ ಹಬೆ ಇಲ್ಲ, ಸೆಲ್ಫಿ ಬರುವುದಿಲ್ಲ.

ಗಣಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಟ್ಯೂಬಿನ ಮೇಲೆ ತೇಲುವವರು ಸುಮ್ಮನಿರುವುದಿಲ್ಲ. ಅವರ ಗಾಡಿಯ ತಂತಿಯಲ್ಲಿ ತಾಮ್ರವಿದೆ, ಸೋಲಾರ್ ಫಲಕದಲ್ಲಿದೆ, ಫ್ರಿಜ್ಜಿನಲ್ಲಿದೆ, ಎಲ್ಲವನ್ನೂ ಬಿಟ್ಟು ಬಂದೆನೆಂದು ಊರಿಗೆಲ್ಲ ಸಾರಿದ ಫೋನಿನಲ್ಲಿದೆ. ಆ ತಾಮ್ರ ಎಲ್ಲೋ ಒಂದು ಕಡೆ ಯಾರದೋ ನೀರಿನಲ್ಲಿ ತೊಳೆಸಿಕೊಂಡು ಬಂದಿರಬೇಕು. ಹಾಗಾಗಿ ಗಣಿ ಬೇಡ ಎನ್ನುವಷ್ಟು ಶುದ್ಧರು ಹೊಂಡದಲ್ಲಿ ಮೀನುಗಳನ್ನು ಬಿಟ್ಟರೆ ಯಾರೂ ಇಲ್ಲ. ತಕರಾರು ಇರುವುದು ಬಿಲ್ಲಿನ ಬಗ್ಗೆ. ಹತ್ತು ನಿಮಿಷ ಮುಳುಗಿ ಏಳುವವನಿಗೆ ಪಾಸು, ಶುಲ್ಕ, ಫಲಕ, ಉಪದೇಶ. ಹಗಲಿರುಳು ಎತ್ತುವವನಿಗೆ ಕಾಯ್ದೆಯ ಕೊಡೆ. ಖರ್ಜೂರಕ್ಕೆ ಕೊಡಲಿ, ಕಂಪನಿಗೆ ಕರಾರು.

ನಾವು ಇದನ್ನು ನೋಡಿ ನಗುವ ಹಾಗೂ ಇಲ್ಲ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನಲ್ಲಿ, ಇರ್ದೆಯ ಹತ್ತಿರ, ನಮ್ಮದೇ ಒಂದು ಬಿಸಿನೀರಿನ ಬುಗ್ಗೆ ಇದೆ, ಬೆಂದ್ರ್ ತೀರ್ಥ. ಸುತ್ತ ಕೊಳವೆಬಾವಿಗಳು ಹೆಚ್ಚಿದ ಮೇಲೆ ಅದರ ಒರತೆ ಸೊರಗಿತೆಂಬುದು ಆ ಕಡೆಯ ಜನರ ದೂರು. ನಮ್ಮಲ್ಲಿ ಕೊಳವೆಬಾವಿ ಕೊರೆಸುವ ಮೊದಲು ತೆಂಗಿನಕಾಯಿ ಹಿಡಿದು ನೀರು ನೋಡುವವನನ್ನು ಕರೆಸುತ್ತೇವೆ, ಪೂಜೆ ಮಾಡಿಸುತ್ತೇವೆ, ನೀರು ಬಂದರೆ ದೇವರಿಗೆ ಹರಕೆ ತೀರಿಸುತ್ತೇವೆ. ನೆರೆಯವನ ಬಾವಿ ಒಣಗಿದ್ದು ಮಾತ್ರ ಅವನ ಗ್ರಹಚಾರ. ಭಕ್ತಿ ಇರುವ ಕಡೆಯೂ, ಫಲಕ ಇರುವ ಕಡೆಯೂ ನೀರು ಕೆಳಗಿಳಿಯುವುದು ಒಂದೇ ಕಾರಣಕ್ಕೆ: ನೆಲದ ಮೇಲೆ ಕಾಣುವ ನೀರಿಗೆ ಎಲ್ಲರೂ ಕಾವಲುಗಾರರು, ನೆಲದ ಕೆಳಗಿನದು ಯಾರದೂ ಅಲ್ಲ. ಯಾರದೂ ಅಲ್ಲ ಎಂದದ್ದೆಲ್ಲ ಕೊನೆಗೆ ಯಾರದೋ ಒಬ್ಬನದಾಗುತ್ತದೆ. ಈ ಪಾಠ ಹೇಳಿಕೊಡಲು ಲಾರ್ಡ್ ಡಾಲ್ಹೌಸಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ಅವನ ಹೆಸರನ್ನು ಬುಗ್ಗೆಗೆ ಉಳಿಸಿಕೊಂಡದ್ದು ಆ ದೃಷ್ಟಿಯಿಂದ ಸರಿಯೇ.

ಆದ್ದರಿಂದ ಒಂದು ವಿನಯಪೂರ್ವಕ ಸಲಹೆ. ಸೋಪು ಬೇಡವೆನ್ನುವ ಫಲಕಗಳು ಹಾಗೇ ಇರಲಿ. ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದ ಇನ್ನೊಂದು ಫಲಕ ಬರಲಿ, ನಮ್ಮ ಪೆಟ್ರೋಲ್ ಬಂಕಿನ ದರಪಟ್ಟಿಯಂತೆ ದಿನಾ ಬದಲಾಗುವ ಅಂಕಿಗಳೊಂದಿಗೆ: ಈ ನಿಧಿಯಿಂದ ನಿನ್ನೆ ಗಣಿ ಎತ್ತಿದ್ದು ಇಷ್ಟು ಲೀಟರ್, ಕೊಟ್ಟದ್ದು ಇಷ್ಟು ಡಾಲರ್, ದನಗಾರರು ಎತ್ತಿದ್ದು ಇಷ್ಟು, ಕೊಟ್ಟದ್ದು ಇಷ್ಟು, ಸ್ನಾನಕ್ಕೆ ಬಂದವರು ಎತ್ತಿದ್ದು ಒದ್ದೆ ಟವೆಲ್ಲಿನಷ್ಟು, ಕೊಟ್ಟದ್ದು ಪಾಸಿನ ಪೂರ್ತಿ ಹಣ. ಬಿಸಿನೀರಿನಲ್ಲಿ ಅರೆನಿದ್ದೆಗೆ ಜಾರಿದ ಸದ್ಗೃಹಸ್ಥ ಎದ್ದು ಕೂರುವುದು ಗ್ಯಾರಂಟಿ. ಭೂಗರ್ಭಶಾಸ್ತ್ರ ಅವನಿಗೆ ಅರ್ಥವಾಗದಿರಬಹುದು, ಮೂಲನಿವಾಸಿಗಳ ಹಕ್ಕು ಅವನ ನಿದ್ದೆ ಕೆಡಿಸದಿರಬಹುದು. ಪಕ್ಕದವನಿಗೆ ಬಿಟ್ಟಿ ಸಿಕ್ಕ ಮಾಲಿಗೆ ತಾನೊಬ್ಬನೇ ದುಡ್ಡು ತೆತ್ತೆ ಎಂಬ ಸಂಕಟ ಮಾತ್ರ ಎಲ್ಲ ದೇಶದ ಮನುಷ್ಯನಿಗೂ ತಕ್ಷಣ ಅರ್ಥವಾಗುತ್ತದೆ.